ಫಿರೆಂಜೆಯೋ ಫ್ಲಾರೆನ್ಸೋ?

ಇಟಲಿಯ ಊರುಗಳಿಗೆ ಇಂಗ್ಲಿಷಿನಲ್ಲಿರುವ ಹೆಸರುಗಳೆಲ್ಲ ಅಪಭ್ರಂಶಗಳೆಂದೂ, ಕನ್ನಡದ ಅನುವಾದಕರು ಅವನ್ನು ಬಿಟ್ಟು ಮೂಲರೂಪಗಳನ್ನೇ ಬರೆಯಬೇಕೆಂದೂ ವಾದಿಸುವವರಿದ್ದಾರೆ. ಆದರೆ ಮೂಲ ಯಾವುದು ಎಂಬುದು ಅಷ್ಟು ಸರಳವಾದ ಪ್ರಶ್ನೆಯಲ್ಲ.

ಫ್ಲಾರೆನ್ಸ್ ನಗರವನ್ನು ಇಟಾಲಿಯನ್ನರು ‘ಫಿರೆಂಜೆ’ ಎನ್ನುತ್ತಾರೆ. ರೋಮನರ ಕಾಲದ ಹೆಸರು ‘ಫ್ಲೊರೆಂತಿಯಾ’. ಅರಳುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ್ದು. ಪದಾದಿಯ ಲ್ಯಾಟಿನ್ ‘ಫ್ಲ’ಕಾರ ಇಟಾಲಿಯನ್ನಿನಲ್ಲಿ ನಿಯತವಾಗಿ ‘ಫಿಯ’ ಆಗುತ್ತದೆ. ಜ್ವಾಲೆಯ ಅರ್ಥದ ‘ಫ್ಲಮ್ಮ’ ‘ಫಿಯಾಮ್ಮ’ ಆಯಿತು. ನದಿಯ ಅರ್ಥದ ‘ಫ್ಲೂಮೆನ್’ ‘ಫಿಯೂಮೆ’ ಆಯಿತು. ಹಾಗೆಯೇ ಫ್ಲೊರೆಂತಿಯಾ ‘ಫಿಯೊರೆಂಜ’ವಾಗಿ (ಡಾಂಟೆ ಬಳಸಿದ ರೂಪವಿದು) ಮುಂದೆ ಸವೆದು ಫಿರೆಂಜೆಯಾಯಿತು. ಫ್ರೆಂಚ್ ಭಾಷೆ ಈ ಧ್ವನಿವ್ಯತ್ಯಾಸಕ್ಕೆ ಒಳಗಾಗಲಿಲ್ಲ. ಅದರ ಮೂಲಕ ಹೆಸರನ್ನು ಪಡೆದ ಇಂಗ್ಲಿಷಿನಲ್ಲಿ ಹಳೆಯ ‘ಫ್ಲ’ ಉಳಿದುಕೊಂಡಿತು. ಅಂದರೆ, ಈ ಒಂದು ಅಂಶದಲ್ಲಿ ಮನೆಮಗನಿಗಿಂತ ಪರದೇಶಿಯೇ ರೋಮಿಗೆ ಹತ್ತಿರ! ಹಳಗನ್ನಡದ ‘ಪೂ’ ನಮ್ಮಲ್ಲಿ ‘ಹೂ’ ಆಗಿದೆ, ತಮಿಳಿನಲ್ಲಿ ಇಂದಿಗೂ ‘ಪೂ’. ತಮಿಳರು ಕನ್ನಡದ ಹೂವನ್ನು ಕೆಡಿಸಿದರೆಂದು ಯಾರೂ ಹೇಳುವುದಿಲ್ಲವಷ್ಟೆ.

ಲಿವೊರ್ನೊ ಬಂದರಿನ ಕಥೆ ಬೇರೆ. ಅದರ ಹಳೆಯ ಜಿನೋವಾ ರೂಪವನ್ನು ಇಂಗ್ಲಿಷ್ ನಾವಿಕರು ತಮಗೆ ಪರಿಚಿತವಾದ ಕಾಲು, ಕೊಂಬುಗಳ ಪದಗಳಿಗೆ ಹೊಂದಿಸಿ ‘ಲೆಗ್‌ಹಾರ್ನ್’ ಎಂದರು. ನಮ್ಮ ಕೋಳಿಸಾಕಣೆಯವರು ಬಲ್ಲ ತಳಿಯ ಹೆಸರು ಇದೇ. ಇಲ್ಲಿ ಅಪಭ್ರಂಶವೆಂಬ ಆರೋಪ ಸಲ್ಲುತ್ತದೆ.

ಆದರೆ ಇಟಾಲಿಯನ್ನರೂ ಇದೇ ಕೆಲಸ ಮಾಡಿದ್ದಾರೆ. ಫ್ಲಾರೆನ್ಸಿನ ಸೇನಾನಿಯಾಗಿ 1394ರಲ್ಲಿ ತೀರಿಕೊಂಡ ಇಂಗ್ಲಿಷ್ ಯೋಧ ಜಾನ್ ಹಾಕ್‌ವುಡ್ ಅಲ್ಲಿ ‘ಜೊವಾನ್ನಿ ಅಕೂಟೊ’. ಇಟಾಲಿಯನ್ ಬಾಯಿಗೆ ಹಕಾರವಿಲ್ಲ. ಗಿಡುಗವೂ ಕಾಡೂ ಕಳೆದುಹೋಗಿ ‘ಚುರುಕುಮತಿ’ ಎಂಬ ಅರ್ಥ ಬಂದು ಕುಳಿತಿತು. 1436ರಲ್ಲಿ ಪಾವೊಲೊ ಉಚ್ಚೆಲ್ಲೊ ಅಲ್ಲಿನ ಮಹಾದೇಗುಲದ ಗೋಡೆಯ ಮೇಲೆ ಬರೆದ ಅವನ ಅಶ್ವಾರೂಢ ಚಿತ್ರದಲ್ಲಿಯೂ ಲ್ಯಾಟಿನ್ನಿನಲ್ಲಿ ಇರುವುದು ಈ ಹೆಸರೇ. ಪ್ರತಿಯಾಗಿ, 1497ರಲ್ಲಿ ಬ್ರಿಸ್ಟಲ್‌ನಿಂದ ಅಟ್ಲಾಂಟಿಕ್ ದಾಟಿದ ಜೊವಾನ್ನಿ ಕಾಬೊಟೊ ಇಂಗ್ಲಿಷರಿಗೆ ಜಾನ್ ಕ್ಯಾಬಟ್ ಆದ. ಜಾನ್, ಜೊವಾನ್ನಿ ಎರಡೂ ಹೀಬ್ರೂವಿನ ‘ಯೋಹಾನಾನ್’ ಎಂಬ ಹೆಸರಿನ ಕವಲುಗಳೇ.

ಸಾಮಾನ್ಯ ಪದಗಳಲ್ಲಿ ಈ ಕೊಡುಕೊಳೆ ಇನ್ನೂ ವಿಚಿತ್ರ. ಇಂಗ್ಲಿಷಿನ ‘ಬ್ಯಾಂಕ್’ ಇಟಾಲಿಯನ್ ಲೇವಾದೇವಿಗಾರರ ‘ಬಾಂಕೊ’ದಿಂದ, ಎಂದರೆ ಅವರು ಕೂತು ಹಣ ಎಣಿಸುತ್ತಿದ್ದ ಹಲಗೆಯಿಂದ ಬಂದದ್ದು. ಆ ‘ಬಾಂಕೊ’ ಮಾತ್ರ ಜರ್ಮಾನಿಕ್ ಮೂಲದ್ದು. ಇಂಗ್ಲಿಷಿನ ‘ಬೆಂಚ್’ ಅದರ ದಾಯಾದಿ.