ಕಸುಬು ಹಿಡಿದು ಪೂರ್ವಜರ ಶೋಧ

ಸ್ಕಾಟ್ಲೆಂಡಿನಲ್ಲಿ ಹಿಂದೆ ಮೊದಲ ಮಗನಿಗೆ ತಂದೆಯ ತಂದೆಯ ಹೆಸರನ್ನೂ ಎರಡನೆಯವನಿಗೆ ತಾಯಿಯ ತಂದೆಯ ಹೆಸರನ್ನೂ ಇಡುವ ರೂಢಿ ಇತ್ತು. ಹೀಗಾಗಿ ಒಂದೇ ಊರಿನಲ್ಲಿ ಒಂದೇ ಮನೆತನದ ನಾಲ್ಕಾರು ಜಾನ್‌ಗಳು, ಜೇಮ್ಸ್‌ಗಳು ಇರುವುದು ಸಾಮಾನ್ಯವಾಗಿತ್ತು. ಕೆನಡಾ, ಆಸ್ಟ್ರೇಲಿಯಾಗಳಿಗೆ ವಲಸೆ ಹೋದ ಸ್ಕಾಟರ ವಂಶಜರು ಇವರಲ್ಲಿ ತಮ್ಮವನನ್ನು ಗುರುತಿಸುವುದು ಹೇಗೆ? ಹೆಸರು ಕೈಕೊಟ್ಟಾಗ ದಾರಿ ತೋರಿಸುವುದು ಕಸುಬು.

1855ರ ಜನವರಿ 1ರಿಂದ ಅಲ್ಲಿ ಜನನ, ಮರಣ, ವಿವಾಹಗಳ ನೋಂದಣಿ ಕಡ್ಡಾಯವಾಯಿತು. ಈ ದಾಖಲೆಗಳು ಬಲು ಉದಾರ. ಮರಣದ ದಾಖಲೆಯಲ್ಲಿ ಸತ್ತವನ ತಂದೆಯ ಹೆಸರು, ಕಸುಬುಗಳಲ್ಲದೆ ತಾಯಿಯ ತವರಿನ ಮನೆತನದ ಹೆಸರೂ ಇರುತ್ತದೆ. 1841ರಿಂದ ನಡೆದ ಜನಗಣತಿಗಳ ಹಾಳೆಗಳಲ್ಲೂ ಕಸುಬಿನ ಉಲ್ಲೇಖವುಂಟು. ಈ ಹಾಳೆಗಳನ್ನು ನೂರು ವರ್ಷ ಗೋಪ್ಯವಾಗಿಡುವುದು ಪದ್ಧತಿ. 1921ರವು ಸಾರ್ವಜನಿಕರಿಗೆ ದೊರೆತದ್ದು 2022ರಲ್ಲಿ.

ಅದಕ್ಕೂ ಹಿಂದಿನ ಕಾಲಕ್ಕೆ ಚರ್ಚಿನ ದಫ್ತರಗಳೇ ಆಧಾರ. ಉಳಿದಿರುವವುಗಳಲ್ಲಿ ಅತ್ಯಂತ ಹಳೆಯದು ಎರಲ್ ಗ್ರಾಮದ್ದು, 1553ರಿಂದ ಆರಂಭ. ಆದರೆ ಇವುಗಳಲ್ಲಿ ಖಾಲಿ ಜಾಗಗಳು ಬಹಳ. 1783ರಲ್ಲಿ ಪ್ರತಿ ನಮೂದಿಗೆ ಮೂರು ಪೆನ್ಸ್ ತೆರಿಗೆ ಬಿದ್ದಾಗ ಅನೇಕರು ಮಕ್ಕಳ ಹೆಸರು ಬರೆಸುವುದನ್ನೇ ಬಿಟ್ಟರು. 1794ರವರೆಗೆ ಈ ತೆರಿಗೆ ಇತ್ತು. ದಫ್ತರದಲ್ಲಿ ಹೆಸರಿಲ್ಲವೆಂದರೆ ಆ ಮಗು ಹುಟ್ಟಲೇ ಇಲ್ಲವೆಂದು ಅರ್ಥವಲ್ಲ.

ಆಗ ಕುಶಲಕರ್ಮಿಗಳ ಸಂಘಗಳ ಪುಸ್ತಕಗಳನ್ನು ತೆರೆಯಬೇಕು. ಗ್ಲಾಸ್ಗೋ ನಗರದಲ್ಲಿ ಇಂತಹ 14 ಸಂಘಗಳಿದ್ದು, 1605ರಲ್ಲಿ ಅವು ಒಂದೇ ಆಡಳಿತದಡಿ ಸೇರಿದವು. ಸದಸ್ಯರಾಗಿ ಸೇರಿದವರ ಹೆಸರುಗಳು ಇಂತಹ ಪುಸ್ತಕಗಳಲ್ಲಿ ಸಿಗುತ್ತವೆ. ಹಳೆಯ ಪದಗಳ ಪರಿಚಯ ಮಾತ್ರ ಬೇಕು: ಬ್ಯಾಕ್ಸ್‌ಟರ್ ಎಂದರೆ ರೊಟ್ಟಿ ಸುಡುವವ, ವೆಬ್‌ಸ್ಟರ್ ಎಂದರೆ ನೇಕಾರ, ಫ್ಲೆಷರ್ ಎಂದರೆ ಕಟುಕ, ಕಾರ್ಡಿನರ್ ಎಂದರೆ ಜೋಡು ಹೊಲಿಯುವವ.

ಸಂಘದ ಆಸರೆಯೇ ಇಲ್ಲದವರೂ ಇದ್ದರು. 1606ರ ಕಾನೂನು ಕಲ್ಲಿದ್ದಲು ಗಣಿಯ ಕೆಲಸಗಾರರನ್ನು ಒಡೆಯನಿಗೆ ಕಟ್ಟಿಹಾಕಿತು. ಅವನ ಒಪ್ಪಿಗೆಯಿಲ್ಲದೆ ಅವರಿಗೆ ಬೇರೆಡೆ ಕೆಲಸವಿಲ್ಲ. ಗಣಿ ಮಾರಾಟವಾದರೆ ಅವರೂ ಅದರೊಂದಿಗೆ ಕೈ ಬದಲಾಗುತ್ತಿದ್ದರು. 1775ರ ಕಾನೂನು ಬಿಡುಗಡೆಗೆ ದಾರಿ ತೆರೆದರೂ ಪೂರ್ಣ ಮುಕ್ತಿ ದೊರೆತದ್ದು 1799ರಲ್ಲಿ. ಇವರನ್ನು ಹುಡುಕಲು ಜಮೀನುದಾರರ ಕಾಗದಪತ್ರಗಳನ್ನು ನೋಡಬೇಕು. ಇಂತಹ ಹಲವು ಕಡತಗಳು ಎಡಿನ್‌ಬರೋದ ರಾಷ್ಟ್ರೀಯ ದಾಖಲೆಗಳ ಕಚೇರಿಯಲ್ಲಿವೆ.

ಒಡೆಯ ಅವರ ಹೆಸರು ಬರೆಸಿದ್ದು ತನ್ನ ಆಸ್ತಿಯ ಲೆಕ್ಕಕ್ಕಾಗಿ. ಇಂದು ಅದೇ ಪಟ್ಟಿಯಲ್ಲಿ ಯಾರೋ ತಮ್ಮ ಅಜ್ಜನ ಅಜ್ಜನನ್ನು ಕಾಣುತ್ತಾರೆ.