ಕಡಿಮೆ ದುಡ್ಡಿನಲ್ಲಿ ಬೆಳೆದ ಆಟ: ನಮ್ಮ ನಾಡಿನ ಕ್ರಿಕೆಟ್ ನಡೆದು ಬಂದ ದಾರಿ

ಹಾಲಿನ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಫ್ಯಾಟು, ಬೋನಸ್ಸು, ಪಶು ಆಹಾರದ ವಿಷಯ ಬಿಟ್ಟು ಕ್ರಿಕೆಟ್ ಬಗ್ಗೆ ಯಾಕೆ ಬರೆದಿರಿ ಅಂತ ಕೆಲವರು ಕೇಳಬಹುದು. ಕಾರಣ ಇದೆ. ಬೆಳಿಗ್ಗೆ ಡೈರಿಗೆ ಹಾಲು ತರುವ ಹುಡುಗರೇ ಸಂಜೆ ಮೈದಾನದಲ್ಲಿ ಬ್ಯಾಟು ಹಿಡಿಯುವವರು. ಅಲ್ಲದೆ ನಮ್ಮ ನಾಡಿನಲ್ಲಿ ಈ ಆಟ ಬೆಳೆದಿದ್ದು ಶ್ರೀಮಂತರ ಹಣದಿಂದ ಮಾತ್ರ ಅಲ್ಲ. ಇದ್ದಷ್ಟರಲ್ಲೇ ಉಪಾಯ ಹುಡುಕಿದ ಜನರಿಂದಲೂ ಬೆಳೆಯಿತು. ಸಹಕಾರ ಸಂಘದವರಾದ ನಮಗೆ ಆ ಚರಿತ್ರೆ ತಿಳಿದಿರಬೇಕು.

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1933ರಲ್ಲಿ. ಮರುವರ್ಷ, ಅಂದರೆ 1934ರ ನವೆಂಬರ್ 4ರಂದು, ಮದ್ರಾಸಿನ ಚೆಪಾಕ್ ಮೈದಾನದಲ್ಲಿ ರಣಜಿ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯ ನಡೆಯಿತು. ಆಡಿದವರು ಮದ್ರಾಸು ಮತ್ತು ನಮ್ಮ ಮೈಸೂರು. ನಮ್ಮವರು ಮೊದಲ ಸಲ 48, ಎರಡನೇ ಸಲ 59 ರನ್ನಿಗೆ ಆಲೌಟಾಗಿ, ಪಂದ್ಯ ಒಂದೇ ದಿನಕ್ಕೆ ಮುಗಿದು ಹೋಯಿತು. ಅಂಥ ಆರಂಭದಿಂದ ಎದ್ದ ತಂಡ 1941-42ರಲ್ಲೂ 1959-60ರಲ್ಲೂ ಫೈನಲ್ ತನಕ ಹೋಗಿ ಎರಡೂ ಸಲ ಮುಂಬಯಿಗೆ ಸೋತಿತು.

ಆ ಕಾಲದಲ್ಲಿ ಎಷ್ಟೋ ಊರುಗಳಲ್ಲಿ ಹುಲ್ಲಿನ ಪಿಚ್ ಇರಲಿಲ್ಲ. ಹುಲ್ಲಿನ ಪಿಚ್ ಎಂದರೆ ದಿನವೂ ನೀರು ಬೇಕು, ರೋಲರ್ ಬೇಕು, ನೋಡಿಕೊಳ್ಳಲು ಸಂಬಳದ ಮಾಲಿ ಬೇಕು. ಇಷ್ಟೆಲ್ಲ ಎಲ್ಲಿಂದ ತರುವುದು? ಅದಕ್ಕೆ ಸಿಕ್ಕಿದ ಉಪಾಯ ತೆಂಗಿನ ನಾರಿನ ಮ್ಯಾಟು. ಗಟ್ಟಿ ಮಣ್ಣಿನ ನೆಲ ಸಮ ಮಾಡಿ, ಮ್ಯಾಟು ಹಾಸಿ, ಸುತ್ತ ಮೊಳೆ ಹೊಡೆದು ಬಿಗಿದರೆ ಪಿಚ್ ಸಿದ್ಧ. ಆಟ ಮುಗಿದ ಮೇಲೆ ಸುತ್ತಿ ಒಳಗಿಟ್ಟರೆ ಆಯಿತು. ಮ್ಯಾಟಿನ ಮೇಲೆ ಚೆಂಡು ಚೆನ್ನಾಗಿ ಪುಟಿಯುತ್ತದೆ, ತಿರುಗುತ್ತದೆ. ಸ್ಪಿನ್ ಬೌಲರುಗಳಿಗೆ ಇದು ವರವಾಯಿತು. ತೆಂಗಿನ ಸೀಮೆಯವರಾದ ನಮಗೆ, ನಾರಿಗೂ ಈ ಆಟಕ್ಕೂ ಇಂಥ ನಂಟಿದೆ ಎನ್ನುವುದು ಹೆಮ್ಮೆಯ ಮಾತೇ ಸರಿ.

1973ರ ನವೆಂಬರಿನಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ಸಾಲಿನಲ್ಲಿ ಕಪ್ಪೂ ಬಂತು. ಅಲ್ಲಿಯವರೆಗೆ ಮುಂಬಯಿ ತಂಡ ಸತತ 15 ವರ್ಷ ರಣಜಿ ಗೆದ್ದಿತ್ತು. ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 162 ಹೊಡೆದರು, ಬ್ರಿಜೇಶ್ ಪಟೇಲ್ ಶತಕ ಬಾರಿಸಿದರು, ಪ್ರಸನ್ನ ಅವರು ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು, ವಾಡೇಕರ್ ರನೌಟ್ ಆದರು. ಮೊದಲ ಇನಿಂಗ್ಸ್ ಮುನ್ನಡೆಯಿಂದ ಕರ್ನಾಟಕ ಗೆದ್ದು, ಜೈಪುರದಲ್ಲಿ ರಾಜಸ್ಥಾನವನ್ನು ಮಣಿಸಿ ಕಪ್ ತಂದಿತು. ಆ ಸುದ್ದಿಯನ್ನು ಹಳ್ಳಿಗೆ ತಂದಿದ್ದು ರೇಡಿಯೋ ಮತ್ತು ಪತ್ರಿಕೆ. ಮೈದಾನವನ್ನೇ ನೋಡದವರು ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಬಗ್ಗೆ ಅರಳಿಕಟ್ಟೆಯಲ್ಲಿ ಮಾತಾಡಿದರು. ಪ್ರಚಾರಕ್ಕೆ ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇನ್ನಾವುದು?

ದೊಡ್ಡ ಸಂಸ್ಥೆಗಳಿಗೂ ದುಡ್ಡಿಲ್ಲದ ಕಾಲವೊಂದಿತ್ತು. 1983ರಲ್ಲಿ ಭಾರತ ವಿಶ್ವಕಪ್ ಗೆದ್ದಾಗ ಆಟಗಾರರಿಗೆ ತಕ್ಕ ಬಹುಮಾನ ಕೊಡಲು ಮಂಡಳಿಯ ಬಳಿ ಹಣ ಸಾಲದಾಗಿತ್ತು. ಆಗ ಲತಾ ಮಂಗೇಶ್ಕರ್ ಅವರು ದೆಹಲಿಯಲ್ಲಿ ಸಂಗೀತ ಕಾರ್ಯಕ್ರಮ ಮಾಡಿಕೊಟ್ಟರು. ಅದರಿಂದ ಬಂದ ಸುಮಾರು 20 ಲಕ್ಷ ರೂಪಾಯಿಯಲ್ಲಿ ಆಟಗಾರರಿಗೆ ತಲಾ ಒಂದು ಲಕ್ಷ ಸಿಕ್ಕಿತು. ಆ ವಿಶ್ವಕಪ್ಪಿನಲ್ಲಿ ಅತಿ ಹೆಚ್ಚು, ಅಂದರೆ 18 ವಿಕೆಟ್ ಪಡೆದ ರೋಜರ್ ಬಿನ್ನಿ ನಮ್ಮ ರಾಜ್ಯದವರೇ.

ಬೆಂಗಳೂರಿನಾಚೆಗೆ ಆಟ ಹಬ್ಬಲು ರಾಜ್ಯ ಸಂಸ್ಥೆಯ ವಲಯ ಪದ್ಧತಿ ಬಹಳ ನೆರವಾಯಿತು. ಮೈಸೂರು, ತುಮಕೂರು, ಶಿವಮೊಗ್ಗ, ಮಂಗಳೂರು, ಧಾರವಾಡ, ರಾಯಚೂರು ಅಂತ ವಲಯ ಮಾಡಿ ಅಲ್ಲಲ್ಲೇ ಲೀಗ್ ಪಂದ್ಯ ನಡೆಸಿದರು. ಹುಡುಗರು ಹತ್ತಿರದ ಊರಿಗೆ ಬಸ್ ಚಾರ್ಜು ಹಾಕಿಕೊಂಡು ಹೋಗಿ ಆಡಿ ಸಂಜೆಗೆ ಮನೆ ಸೇರಬಹುದು. ಆದರೂ ಕಷ್ಟ ತಪ್ಪಿದ್ದಲ್ಲ. ಗದಗಿನ ಸುನಿಲ್ ಜೋಶಿ ಅವರು ಬಾಲಕರಾಗಿದ್ದಾಗ ಬೆಳಿಗ್ಗೆ ಎದ್ದು ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮತ್ತೆ ಶಾಲೆ ಹೊತ್ತಿಗೆ ಗದಗಿಗೆ ಬರುತ್ತಿದ್ದರು. ಅದೇ ಕೈ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಮೇಲೆ 10 ಓವರಿನಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆಯಿತು. ದಾವಣಗೆರೆಯ ಆಟೋ ಚಾಲಕರ ಮಗ ವಿನಯ್ ಕುಮಾರ್ ನಾಯಕತ್ವದಲ್ಲಿ 2013-14 ಮತ್ತು 2014-15ರಲ್ಲಿ ಎರಡು ಸಲ ಸತತವಾಗಿ ರಣಜಿ ಕಪ್ ಬಂತು. ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ಮಹಿಳಾ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಪಡೆದರು. ನಮ್ಮ ಪಕ್ಕದ ಅರಸೀಕೆರೆಯ ಡೇವಿಡ್ ಜಾನ್ಸನ್ 1996ರಲ್ಲಿ ಟೆಸ್ಟ್ ಆಡಿದರು.

ಇನ್ನು ಹಳ್ಳಿಯ ಮಾತು. ಹಳ್ಳಿಗೆ ಕ್ರಿಕೆಟ್ ತಂದಿದ್ದು ಟೆನಿಸ್ ಬಾಲ್. ಅದಕ್ಕೆ ಪ್ಯಾಡ್ ಬೇಡ, ಗ್ಲೌಸ್ ಬೇಡ, ಹೆಲ್ಮೆಟ್ ಬೇಡ. ರಾಗಿ ಕೊಯ್ಲು ಮುಗಿದು ಹೊಲ ಬಿಡುವಾದ ಮೇಲೆ, ಹಬ್ಬ ಜಾತ್ರೆ ನೋಡಿಕೊಂಡು ಪಂದ್ಯಾವಳಿ ಇಡುತ್ತಾರೆ. ನಮ್ಮ ಕಡೆ ಇದರ ಲೆಕ್ಕಾಚಾರ ಹೀಗಿದೆ. ತಂಡಕ್ಕೆ ಇಷ್ಟು ಅಂತ ಪ್ರವೇಶ ಶುಲ್ಕ. ಅದರಲ್ಲಿ ಚೆಂಡು, ಸುಣ್ಣದ ಪುಡಿ, ಮೈಕ್ ಸೆಟ್ಟಿನ ಬಾಡಿಗೆ ಕಳೆಯುತ್ತದೆ. ಟ್ರೋಫಿಯನ್ನು ಊರಿನವರೊಬ್ಬರು ತಮ್ಮ ಹಿರಿಯರ ಜ್ಞಾಪಕಾರ್ಥ ಕೊಡುತ್ತಾರೆ. ಊಟಕ್ಕೆ ಮನೆಗೊಂದಿಷ್ಟು ಅಕ್ಕಿ, ಬೇಳೆ, ತೆಂಗಿನಕಾಯಿ. ಮಜ್ಜಿಗೆ ನಮ್ಮ ಸಂಘದ ಸದಸ್ಯರ ಮನೆಗಳದು. ಕರಪತ್ರ ಹಂಚುವುದು ಹಾಲಿನ ವ್ಯಾನಿನ ಜೊತೆಗೇ ಆಗುತ್ತದೆ. ವ್ಯಾನು ಹೋಗುವ ಊರಿಗೆಲ್ಲ ಸುದ್ದಿ ಮುಟ್ಟುತ್ತದೆ. ಮೈಕಿನಲ್ಲಿ ನಮ್ಮ ಭಾಷೆಯಲ್ಲೇ ವೀಕ್ಷಕ ವಿವರಣೆ. ‘ಚೆಂಡು ಮಾದಪ್ಪನವರ ತೋಟಕ್ಕೆ ಹೋಯ್ತು ನೋಡ್ರಪ್ಪೋ’ ಅಂದರೆ ನೀರು ಹಾಯಿಸುತ್ತಿದ್ದವರೂ ಗುದ್ದಲಿ ಬಿಟ್ಟು ಬರುತ್ತಾರೆ.

ಪಕ್ಕದ ಕೊಡಗಿನಿಂದಲೂ ಕಲಿಯುವುದಿದೆ. ಅಲ್ಲಿ ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಮನೆತನಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದರು. ವರ್ಷಕ್ಕೊಂದು ಮನೆತನ ಜವಾಬ್ದಾರಿ ಹೊರುತ್ತದೆ. ಭಾರ ಒಬ್ಬರ ತಲೆಗೇ ಬೀಳುವುದಿಲ್ಲ, ಅಭಿಮಾನ ಎಲ್ಲರದೂ ಆಗುತ್ತದೆ. ಆಟ ಬೇರೆಯಾದರೂ ಕ್ರಮ ನಮಗೂ ಹೊಂದುತ್ತದೆ.

ದುಡ್ಡು ಬಂದ ಮೇಲಿನ ಕಥೆಯನ್ನೂ ಹೇಳಬೇಕು. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಆರಂಭವಾಗಿ ಬಿಜಾಪುರ, ಬೆಳಗಾವಿ, ಬಳ್ಳಾರಿ, ಶಿವಮೊಗ್ಗ ಹೆಸರಿನ ತಂಡಗಳು ಟಿ.ವಿ.ಯಲ್ಲಿ ಕಂಡವು. ಊರ ಹೆಸರು ಕಂಡು ಜನ ಸಂತೋಷಪಟ್ಟರು. ಆದರೆ 2019ರಲ್ಲಿ ಫಿಕ್ಸಿಂಗ್ ಪ್ರಕರಣ ಹೊರಬಿದ್ದು ಅದು ನಿಂತಿತು. 2022ರಲ್ಲಿ ಮಹಾರಾಜ ಟ್ರೋಫಿ ಹೆಸರಿನಲ್ಲಿ ಹೊಸದಾಗಿ ಶುರುವಾಯಿತು. ಹಳ್ಳಿಯಲ್ಲೂ ಅಷ್ಟೇ. ಬಹುಮಾನದ ಮೊತ್ತ ಏರಿದಂತೆ ಹೊರಗಿನಿಂದ ಆಟಗಾರರನ್ನು ಕರೆಸುವುದು, ಮರದ ನೆರಳಲ್ಲಿ ಬೆಟ್ಟಿಂಗು ಕಟ್ಟುವುದು ಶುರುವಾಗಿದೆ. ಊರ ಹುಡುಗ ಮಾತ್ರ ಬೌಂಡರಿ ಗೆರೆಯ ಹೊರಗೆ ನಿಂತು ನೋಡಬೇಕು. ಇದು ಆಟದ ಬೆಳವಣಿಗೆ ಅಂತ ನಾವು ಒಪ್ಪುವುದಿಲ್ಲ.

ಇದಕ್ಕಿಂತ ದೊಡ್ಡ ಚಿಂತೆ ಮೈದಾನದ್ದು. ನಮ್ಮ ಹುಡುಗರು ಆಡುವುದು ಗೋಮಾಳದ ಉಳಿದ ತುಂಡಿನಲ್ಲಿ. ಅದನ್ನು ನಿವೇಶನ ಮಾಡಬೇಕೆಂಬ ಮಾತು ಈಗ ಊರಲ್ಲಿದೆ. ಮನೆ ಇಲ್ಲದವರಿಗೆ ಮನೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬ್ಯಾಟು ಮುರಿದರೆ ಇನ್ನೊಂದು ತರಬಹುದು, ಮೈದಾನ ಹೋದರೆ ಮತ್ತೆ ಬರುವುದಿಲ್ಲ. ದನ ಮೇಯುವ ಜಾಗ ಹೇಗೆ ಕರಗಿತು ಎಂಬುದನ್ನು ಹಾಲಿನವರಾದ ನಾವು ಕಣ್ಣಾರೆ ಕಂಡಿದ್ದೇವೆ.

ಆದ್ದರಿಂದ ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಸದಸ್ಯ ಬಾಂಧವರ ಮುಂದೆ ನಮ್ಮ ಮೂರು ಸಲಹೆಗಳಿವೆ. ಒಂದು, ಆ ಜಾಗವನ್ನು ಆಟದ ಮೈದಾನ ಅಂತ ದಾಖಲೆಯಲ್ಲಿ ಬರೆಸಲು, ನಿವೇಶನಕ್ಕೆ ಬೇರೆ ಜಾಗ ಹುಡುಕಲು ಗ್ರಾಮಸಭೆಯಲ್ಲಿ ಎಲ್ಲರೂ ಸೇರಿ ಒತ್ತಾಯಿಸೋಣ. ಎರಡು, ಸರ್ವ ಸದಸ್ಯರ ಸಭೆ ಒಪ್ಪಿದರೆ ಸಂಘದಿಂದ ಒಂದು ನಾರಿನ ಮ್ಯಾಟು, ಒಂದು ಜೊತೆ ಕಿಟ್ಟು ತಂದು ಶಾಲೆಗೆ ಕೊಡೋಣ. ಗಂಡು ಮಕ್ಕಳಷ್ಟೇ ಅಲ್ಲ, ಹೆಣ್ಣು ಮಕ್ಕಳೂ ಆಡಲಿ. ಮೂರು, ನಮ್ಮ ಪಂದ್ಯಾವಳಿಯಲ್ಲಿ ಊರಿನವರೇ ಆಡಬೇಕು, ಬೆಟ್ಟಿಂಗ್ ಕೂಡದು ಎಂಬ ನಿಯಮ ಮಾಡಿ, ವರ್ಷಕ್ಕೊಂದು ಕೇರಿಗೆ ಅದರ ಜವಾಬ್ದಾರಿ ಕೊಡೋಣ.

ಅರ್ಧ ಲೀಟರ್, ಒಂದು ಲೀಟರ್ ಹಾಲು ಹಾಕಿದವರಿಂದಲೇ ಈ ಸಂಘ 25 ವರ್ಷ ನಡೆದು ಬಂದಿದೆ. ಮೈದಾನವೂ ಹಾಗೆಯೇ ಉಳಿಯಬೇಕು.