ನಾರು, ನೂಲು, ಕಾಗದ: ನಮ್ಮ ಸೀಮೆಯ ಕೈಗಳು ಕಲಿತ ಬಗೆ



ಈ ಹೊತ್ತು ಗೊಬ್ಬರ, ಬಿತ್ತನೆ ಬೀಜದ ಮಾತು ಬೇಡ. ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಕೊಟ್ಟಿಗೆಯಲ್ಲಿ ಹಸುವಿನ ಕೊರಳಿಗೆ ಹಾಕಿರುವ ಕಣ್ಣಿ ಯಾವುದರದು? ಸಂತೆಯಲ್ಲಿ ಕೊಂಡ ನೈಲಾನ್ ಹಗ್ಗ, ನೀಲಿಯದೋ ಹಸಿರಿನದೋ, ಅಲ್ಲವೇ? ಸರಿ. ನಿಮ್ಮ ಹೊಲದ ಬದುವಿನಲ್ಲಿ ಕತ್ತಾಳೆ ಇದೆಯೇ? ಇದೆ ಅಂತೀರಿ. ಅದರ ನಾರು ತೆಗೆದು ಹಗ್ಗ ಹೊಸೆಯಲು ಮನೆಯಲ್ಲಿ ಯಾರಿಗೆ ಬರುತ್ತೆ? ‘ನಮ್ಮ ತಾತನಿಗೆ ಬರುತ್ತಿತ್ತು’ ಅಂತೀರಿ. ಈ ‘ಬರುತ್ತಿತ್ತು’ ಎಂಬ ಮಾತಿನ ವಿಚಾರವಾಗಿಯೇ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷ, ಅಂದರೆ 1800ರಲ್ಲಿ, ಕಂಪನಿ ಸರ್ಕಾರದವರು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆಯನ್ನೆಲ್ಲ ಸುತ್ತಿ ನೋಡಿಕೊಂಡು ಬಾ ಎಂದು ಕಳುಹಿಸಿದರು. ಆತ ಊರೂರಿನಲ್ಲಿ ನಿಂತು ನೇಗಿಲು, ಕೂರಿಗೆ, ರಾಗಿ, ಮಗ್ಗ ಎಲ್ಲವನ್ನೂ ಕೇಳಿ ಬರೆದುಕೊಂಡ. ಸೆಣಬಿನ ನಾರಿನಿಂದ ಗೋಣಿ ನೇಯುವ ಗೋಣಿಗರ ಕಸುಬೂ ಅವನ ಬರಹದಲ್ಲಿ ಬಂದಿದೆ. ಗಮನಿಸಿ, ನಾವು ಇಂದು ಹಸಿರೆಲೆ ಗೊಬ್ಬರಕ್ಕೆಂದು ಬಿತ್ತಿ, ಹೂ ಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸುತ್ತೇವಲ್ಲ, ಅದೇ ಸೆಣಬು. ಅಂದು ಅದು ಗಾಡಿಯ ಮೇಲೆ ಧಾನ್ಯ ಹೊರುವ ಚೀಲವಾಗುತ್ತಿತ್ತು. ಇಂಗ್ಲಿಷರು ಚೀಲಕ್ಕೆ ‘ಗನ್ನಿ’ ಎನ್ನುವುದು ಕೂಡ ಈ ನಾಡಿನ ‘ಗೋಣಿ’ ಎಂಬ ಮಾತಿನಿಂದಲೇ.

ಆ ಕಸುಬು ಎಲ್ಲಿ ಹೋಯಿತು? 1855ರಲ್ಲಿ ಕಲ್ಕತ್ತೆಯ ಹತ್ತಿರ ರಿಶ್ರಾ ಎಂಬಲ್ಲಿ ಮೊದಲ ಜೂಟ್ ಗಿರಣಿ ಎದ್ದಿತು. ರೈಲು ಬಂತು. ಬಂಗಾಳದ ಗೋಣಿಚೀಲ ನಮ್ಮ ಸಂತೆಗೆ ಅಗ್ಗವಾಗಿ ಬಂದು ಬಿತ್ತು. ಗೋಣಿಗರ ಮಗ್ಗ ಅಟ್ಟ ಸೇರಿತು. ಕತ್ತಾಳೆಯ ಹಗ್ಗ ಇನ್ನೂ ಬಹಳ ಕಾಲ ಉಳಿದಿತ್ತು. ಕಪಿಲೆ ಬಾವಿಗೆ, ನೇಗಿಲಿಗೆ, ನೆಲುವಿಗೆ ಅದೇ ಬೇಕಿತ್ತು. ಆಮೇಲೆ ಕಪಿಲೆ ಹೋಗಿ ಪಂಪ್‌ಸೆಟ್ ಬಂತು, ಪ್ಲಾಸ್ಟಿಕ್ ಹಗ್ಗವೂ ಬಂತು. ಇದರಲ್ಲಿ ಯಾರನ್ನು ದೂರೋಣ? ಅಗ್ಗಕ್ಕೆ ಸಿಕ್ಕಿದ್ದನ್ನು ಕೊಳ್ಳುವುದು ಸಂಸಾರಸ್ಥರ ಧರ್ಮ. ಆದರೆ ಒಂದು ಮಾತಿದೆ. ವಸ್ತು ಹೋದರೆ ಮತ್ತೆ ತರಬಹುದು. ಮಾಡುವ ಕೈ ಹೋದರೆ ತರುವುದು ಕಷ್ಟ. ಒಂದು ತಲೆಮಾರು ಹೊಸೆಯದೆ ಬಿಟ್ಟರೆ, ಮುಂದಿನವರಿಗೆ ಹೇಳಿಕೊಡುವವರೇ ಇರುವುದಿಲ್ಲ.

ಇದಕ್ಕೆ ಎದುರಾಗಿ ನಮ್ಮ ರೇಷ್ಮೆಯನ್ನು ನೋಡಿ. ಅದಕ್ಕೂ ಹೊರಗಿನ ಪೈಪೋಟಿ ಬಂತು, ರೋಗ ಬಂತು, ಬೆಲೆ ಬಿತ್ತು. ಆದರೂ ವಿಜಯಪುರದಲ್ಲಿ ಇವತ್ತಿಗೂ ಗೂಡಿನಿಂದ ನೂಲು ಬಿಚ್ಚುತ್ತಾರೆ, ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದು ನಿಂತಿಲ್ಲ. ಏಕೆ? ನನಗೆ ತೋರುವ ಕಾರಣ ಇದು: ಸಂಕಟ ಬಂದಾಗಲೆಲ್ಲ ಯಾರೋ ಒಬ್ಬರು ಜನರನ್ನು ಕೂರಿಸಿ, ಕೈಹಿಡಿದು ಕಲಿಸುವ ಏರ್ಪಾಡು ಮಾಡಿದರು.

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ 1780ರ ದಶಕದಲ್ಲಿ ಬಂಗಾಳಕ್ಕೆ ಆಳುಗಳನ್ನು ಕಳುಹಿಸಿ ರೇಷ್ಮೆ ಹುಳು ತರಿಸಿದ. ತಂದ ಹುಳುವನ್ನು ಎಲ್ಲಿ ಇಡಬೇಕು, ಹೇಗೆ ಸಾಕಬೇಕು ಎಂಬುದನ್ನು ತಿಳಿದುಕೊಳ್ಳಬೇಕೆಂದು ತನ್ನ ಅಧಿಕಾರಿಗೆ ಪತ್ರ ಬರೆದ; ರಾಜ್ಯದಲ್ಲಿ 21 ಕಡೆ ಸಾಕಣೆ ನಡೆಸಲು ಯೋಚಿಸಿದ. ಹುಳುವಿನ ಬುಟ್ಟಿ ಒಂದೇ ಬಂದರೆ ಸಾಲದು, ಸಾಕುವ ಬಗೆಯೂ ಬರಬೇಕು ಎಂಬುದು ಆಗಲೇ ತಿಳಿದಿತ್ತು.

ಮುಂದಿನ ಶತಮಾನದಲ್ಲಿ ಪೆಬ್ರಿನ್ ರೋಗ ಜಗತ್ತಿನ ರೇಷ್ಮೆಯನ್ನೆಲ್ಲ ಕಾಡಿತು. ಇದು ತಾಯಿಚಿಟ್ಟೆಯಿಂದ ಮೊಟ್ಟೆಗೇ ಇಳಿದು ಬರುವ ರೋಗ. ಫ್ರಾನ್ಸಿನ ಲೂಯಿ ಪಾಶ್ಚರ್ 1865ರಿಂದ ಕೆಲವು ವರ್ಷ ಇದರ ಹಿಂದೆಯೇ ಬಿದ್ದು, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಉಪಾಯ ಕಂಡುಹಿಡಿದ. ಚಿಟ್ಟೆಯಲ್ಲಿ ರೋಗವಿದ್ದರೆ ಅದರ ಮೊಟ್ಟೆಯನ್ನು ಸುಟ್ಟುಬಿಡುವುದು. ಉಪಾಯವೇನೋ ಪುಸ್ತಕಕ್ಕೆ ಬಂತು. ಆದರೆ ಪುಸ್ತಕ ನಮ್ಮ ಹಳ್ಳಿಗೆ ಬರಬೇಕಲ್ಲ?

ಅದನ್ನು ತಂದವರಲ್ಲಿ ಒಬ್ಬರು ಜಮ್‌ಷೆಟ್‌ಜಿ ಟಾಟಾ. ಅವರು 1893ರಲ್ಲಿ ಜಪಾನಿಗೆ ಹೋಗಿದ್ದರು. 1896ರ ಸುಮಾರಿಗೆ ಮೈಸೂರು ಸರ್ಕಾರದ ನೆರವು ಪಡೆದು ಬೆಂಗಳೂರಿನ ಬಸವನಗುಡಿಯ ಬಳಿ ಒಂದು ರೇಷ್ಮೆ ತೋಟ ಮಾಡಿದರು. ಅದನ್ನು ನೋಡಿಕೊಳ್ಳಲು ಜಪಾನಿನಿಂದ ಗಂಡ ಹೆಂಡತಿ ಇಬ್ಬರನ್ನು ಕರೆಸಿದರು. ಯೋಚನೆ ಮಾಡಿ, ಕನ್ನಡ ಬಾರದ ದಂಪತಿ, ಜಪಾನಿ ಬಾರದ ನಮ್ಮ ಜನ. ಮಾತಿನಲ್ಲಿ ಎಷ್ಟು ತಾನೇ ಹೇಳಲಾದೀತು? ಕೈಯಲ್ಲೇ ತೋರಿಸಬೇಕು. ಹಿಪ್ಪುನೇರಳೆ ನೆಡುವುದು, ಹುಳು ಸಾಕುವುದು, ರೋಗ ಪತ್ತೆಹಚ್ಚುವುದು, ನೂಲು ಬಿಚ್ಚುವುದು, ಎಲ್ಲವನ್ನೂ ಕಲಿಯುವವರು ಅಲ್ಲೇ ಮಾಡಿ ಕಲಿಯುತ್ತಿದ್ದರು. 1910ರಲ್ಲಿ ಆ ತೋಟ ಸಾಲ್ವೇಷನ್ ಆರ್ಮಿಯವರ ಕೈಗೆ ಹೋಯಿತು. ತೋಟ ಈಗಿಲ್ಲ, ಬೆಂಗಳೂರಿನಲ್ಲಿ ಆ ಬಡಾವಣೆಗೆ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಮಾತ್ರ ಉಳಿದಿದೆ. ಬಸ್ಸಿನಲ್ಲಿ ಆ ಹೆಸರು ಕೇಳಿದಾಗ ಇದನ್ನು ನೆನೆಸಿಕೊಳ್ಳಿ.

ಸುಮಾರು ನೂರು ವರ್ಷದ ಮೇಲೆ, 1991ರಿಂದ, ಜಪಾನಿನ ತಜ್ಞರು ಮತ್ತೆ ಬಂದರು. ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯವರ ಜೊತೆ ಸೇರಿ ದ್ವಿತಳಿ ಗೂಡಿನ ಕೆಲಸ ಮಾಡಿದರು. ಇವತ್ತು ನೀವು ಎಲೆ ಬಿಡಿಸದೆ ರೆಂಬೆಯನ್ನೇ ಕತ್ತರಿಸಿ ಹುಳುವಿಗೆ ಹಾಕುತ್ತೀರಲ್ಲ, ಆ ಪದ್ಧತಿ ಮನೆಮನೆಗೆ ಹಬ್ಬಿದ್ದು ಈ ಕಾಲದಲ್ಲೇ.

ಹುಳು ಎಲೆ ತಿಂದ ಮೇಲೆ ಉಳಿಯುವ ಕಡ್ಡಿಯನ್ನು ಏನು ಮಾಡುತ್ತೀರಿ? ಒಲೆಗೆ ಹಾಕುತ್ತೀರಿ, ಇಲ್ಲವೇ ತಿಪ್ಪೆಗೆ. ಆ ಕಡ್ಡಿಯ ಸಿಪ್ಪೆಯಲ್ಲಿ ಗಟ್ಟಿಯಾದ ನಾರಿದೆ. ಚೀನಾ ದೇಶದಲ್ಲಿ ಕ್ರಿ.ಶ. 105ರಲ್ಲಿ ತ್ಸಾಯ್ ಲುನ್ ಎಂಬ ಅರಮನೆಯ ಅಧಿಕಾರಿ ದೊರೆಗೆ ಕಾಗದ ಮಾಡುವ ಬಗೆಯನ್ನು ಒಪ್ಪಿಸಿದನಂತೆ. ಅದಕ್ಕೆ ಬಳಸಿದ್ದು ಮರದ ತೊಗಟೆ, ಸೆಣಬಿನ ಚೂರು, ಹರಕು ಬಟ್ಟೆ, ಹಳೆಯ ಮೀನಿನ ಬಲೆ. ಆ ತೊಗಟೆ ಹಿಪ್ಪುನೇರಳೆಯ ಜಾತಿಯ ಮರದ್ದು. ಜಪಾನಿನವರು ಈಗಲೂ ಕೈಯಲ್ಲಿ ಮಾಡುವ ಕಾಗದಕ್ಕೆ ನಮ್ಮ ಹಿಪ್ಪುನೇರಳೆಯ ದಾಯಾದಿ ಗಿಡವನ್ನೇ ಬಳಸುತ್ತಾರೆ. ಹುಳುವಿಗೆ ಎಲೆ, ಬರಹಕ್ಕೆ ತೊಗಟೆ!

ನಮ್ಮಲ್ಲಿ ಕಾಗದ ಹೆಚ್ಚಾಗಿ ಬಳಕೆಗೆ ಬರುವ ಮೊದಲು ಶಾನುಭೋಗರು, ವ್ಯಾಪಾರಿಗಳು ಕಡತದಲ್ಲಿ ಲೆಕ್ಕ ಬರೆಯುತ್ತಿದ್ದರು. ಈಗ ಕಡತ ಎಂದರೆ ಕಚೇರಿಯಲ್ಲಿ ದೂಳು ಹಿಡಿದು ಮಲಗಿರುವ ಫೈಲು ಎಂದಾಗಿದೆ. ನಿಜವಾದ ಕಡತ ಒಂದು ಉದ್ದನೆಯ ಬಟ್ಟೆ. ಹುಣಿಸೆ ಬೀಜದ ಅಂಟು, ಇದ್ದಿಲ ಪುಡಿ ಸೇರಿಸಿ ಅದಕ್ಕೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ ಬಳಪದಲ್ಲಿ ಬರೆಯುತ್ತಿದ್ದರು. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದಾಗಿತ್ತು. ನಿಮ್ಮ ಮುತ್ತಾತನ ಕಂದಾಯ ಎಷ್ಟು ಎಂಬುದು ಬಹುಶಃ ಅಂಥ ಒಂದು ಕಪ್ಪು ಬಟ್ಟೆಯ ಮೇಲೆಯೇ ಇದ್ದಿರಬೇಕು. ಈ ಹುಣಿಸೆ ಬೀಜದ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಗಿರಣಿ ಕಾಗದದ ಕಾಲದಲ್ಲಿ ಕೈಕಾಗದಕ್ಕೆ ಮರುಜೀವ ಕೊಡಲು ಹೊರಟವರು ಗಾಂಧೀಜಿ. 1934ರ ಡಿಸೆಂಬರಿನಲ್ಲಿ ವಾರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಹುಟ್ಟಿತು, ಜೆ. ಸಿ. ಕುಮಾರಪ್ಪನವರು ಅದರ ಹೊಣೆ ಹೊತ್ತರು. ಗಾಣ, ಬೀಸುವ ಕಲ್ಲು, ಜೇನು, ಬೆಲ್ಲ ಇವುಗಳ ಜೊತೆಗೆ ಕೈಕಾಗದವನ್ನೂ ಅಲ್ಲಿ ಮಾಡಿ ಕಲಿಸಿದರು. ಗಾಂಧೀಜಿಯವರ ರೀತಿ ನಮ್ಮ ಸೀಮೆಗೆ ಹೊಸದಲ್ಲ. 1927ರಲ್ಲಿ ಮೈ ಹುಷಾರಿಲ್ಲದೆ ಅವರು ನಮ್ಮ ನೆರೆಯ ನಂದಿಬೆಟ್ಟದಲ್ಲಿ ವಿಶ್ರಾಂತಿಗೆ ಬಂದಿದ್ದರು. ಅಲ್ಲಿಂದ ಬೆಂಗಳೂರಿಗೆ ಇಳಿದವರು ಸುಮ್ಮನೆ ಕೂರಲಿಲ್ಲ. ಇಂಪೀರಿಯಲ್ ಡೈರಿಗೆ ಹೋಗಿ ದನ ಸಾಕುವ ಕ್ರಮವನ್ನು ಕೇಳಿ ಕಲಿತರು. ಆಗ ಅವರಿಗೆ 57 ವರ್ಷ.

ಇನ್ನು ನನ್ನ ಅನುಭವಕ್ಕೆ ಬರುತ್ತೇನೆ. ನಾನು ಡಿಪ್ಲೊಮಾ ಓದುವಾಗ ನಾರಿನ ಬೆಳೆಗಳ ಮೇಲೆ ಎರಡು ಪುಟ ಉತ್ತರ ಬರೆದು ಒಳ್ಳೆಯ ಅಂಕ ತೆಗೆದವನು. ಆ ಧೈರ್ಯದಿಂದ ಒಂದು ಹಳ್ಳಿಯಲ್ಲಿ ಮಹಿಳಾ ಸಂಘದವರಿಗೆ ಮೂರು ದಿನದ ತರಬೇತಿ ಏರ್ಪಡಿಸಿದೆ. ಭಾಷಣ ಆಯಿತು, ಗೋಡೆಗೆ ಚಿತ್ರ ಬಿಟ್ಟದ್ದಾಯಿತು, ಉಪ್ಪಿಟ್ಟು ಕಾಫಿ ಆಯಿತು, ಕೊನೆಗೆ ಪ್ರಮಾಣಪತ್ರ. ತಿಂಗಳು ಬಿಟ್ಟು ಹೋಗಿ ನೋಡಿದರೆ ಒಬ್ಬರ ಮನೆಯಲ್ಲೂ ಒಂದು ಗೇಣು ಹಗ್ಗ ಇಲ್ಲ. ತಪ್ಪು ಅವರದಲ್ಲ, ನನ್ನದು.

ಎರಡನೆಯ ಸಲ ಭಾಷಣ ಬಿಟ್ಟೆ. ಕತ್ತಾಳೆ ಪಟ್ಟೆ ಕಡಿಸಿ ತಂದು ಅರಳಿಕಟ್ಟೆಯ ಮುಂದೆ ರಾಶಿ ಹಾಕಿದೆವು. ಎಳೆಯನ್ನು ಹೇಗೆ ಸೇರಿಸಬೇಕೆಂದು ನಾನು ವಿವರಿಸುತ್ತಿದ್ದೆ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ತಾತ ತಡೆಯಲಾರದೆ ಕೆಳಗಿಳಿದು ಬಂದ. “ಸಾರ್, ಬಾಯಲ್ಲಿ ಹೊಸೀಬೇಡಿ, ತೊಡೆ ಮೇಲೆ ಹೊಸೀರಿ” ಅಂದ. ಎಲ್ಲರೂ ನಕ್ಕರು. ತಾತ ಪಂಚೆ ಮೇಲೆ ಸರಿಸಿ ಕೂತು, ಎರಡು ಎಳೆಯನ್ನು ತೊಡೆಯ ಮೇಲಿಟ್ಟು ಅಂಗೈಯಲ್ಲಿ ಮುಂದಕ್ಕೆ ಉಜ್ಜಿದ. ಎರಡಕ್ಕೂ ಒಂದೇ ದಿಕ್ಕಿಗೆ ಹುರಿ ಬಂತು. ಆಮೇಲೆ ಎರಡನ್ನೂ ಸೇರಿಸಿ ಕೈಯನ್ನು ಹಿಂದಕ್ಕೆ ಎಳೆದ. ಎದುರು ಹುರಿ ಬಿದ್ದು ಎರಡೂ ಒಂದಕ್ಕೊಂದು ಹಿಡಿದುಕೊಂಡವು. ಹಗ್ಗ ಬಿಚ್ಚದೆ ನಿಲ್ಲುವ ಗುಟ್ಟು ಇಷ್ಟೇ. ಎರಡು ಪುಟ ಬರೆದವನಿಗೆ ಅದು ಆ ದಿನ ತಿಳಿಯಿತು. ಸಂಜೆಯ ಹೊತ್ತಿಗೆ ಹೆಂಗಸರಲ್ಲಿ ಏಳೆಂಟು ಮಂದಿ ಕಣ್ಣಿಗೆ ಸಾಕಾಗುವಷ್ಟು ಹೊಸೆದಿದ್ದರು. ನನ್ನದು ಮಾತ್ರ ನಡುವೆ ಸಡಿಲ.

ಕತ್ತಾಳೆಯ ವಿಚಾರದಲ್ಲಿ ಎರಡು ಎಚ್ಚರಿಕೆ. ಹಸಿ ಪಟ್ಟೆಯ ರಸ ತಗುಲಿದರೆ ಮೈ ನವೆ ಬರುತ್ತದೆ, ಕೈಗೆ ಎಣ್ಣೆ ಸವರಿಕೊಳ್ಳಿ. ಮೀನು ಬಿಟ್ಟಿರುವ ಕೆರೆಯಲ್ಲಿ, ದನ ಕುಡಿಯುವ ಕುಂಟೆಯಲ್ಲಿ ಪಟ್ಟೆ ಕೊಳೆಹಾಕಬೇಡಿ. ನೀರು ಕೆಟ್ಟು ಮೀನು ಸಾಯುತ್ತದೆ. ಪಟ್ಟೆಯನ್ನು ಹಲಗೆಯ ಮೇಲಿಟ್ಟು ಮೊಂಡು ಕತ್ತಿಯಿಂದ ಹಸಿಯಾಗಿಯೇ ಹೆರೆದರೆ ನಾರು ಬೆಳ್ಳಗೂ ಬರುತ್ತದೆ, ವಾಸನೆಯೂ ಇಲ್ಲ.

ಮೂರನೆಯ ದಿನ ಕಾಗದ. ಹಿಪ್ಪುನೇರಳೆ ಕಡ್ಡಿಯ ಸಿಪ್ಪೆ ಸುಲಿದು, ನೆನೆಹಾಕಿ, ಹೊರಗಿನ ಕಂದು ಪೊರೆ ಹೆರೆದು, ಬೂದಿಯ ತಿಳಿನೀರಿನಲ್ಲಿ ಕುದಿಸಿದ್ದಾಯಿತು. ಚೆನ್ನಾಗಿ ತೊಳೆದು ಕಲ್ಲಿನ ಮೇಲೆ ಕೊಡತಿಯಿಂದ ಬಡಿದೆವು. ನಾರು ಹತ್ತಿಯಂತೆ ಬಿಡಿಸಿಕೊಳ್ಳುವ ತನಕ ಬಡಿಯಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಕಾಗದ ಗಂಟುಗಂಟು. ಆಮೇಲೆ ಅಗಲವಾದ ತೊಟ್ಟಿಯ ನೀರಿಗೆ ಹಾಕಿ ಕಲಸಿದೆವು. ನಾರೆಲ್ಲ ತಳಕ್ಕೆ ಇಳಿಯಿತು. ಜಪಾನಿನವರು ಇದಕ್ಕೆ ಬೆಂಡೆಯ ಜಾತಿಯ ಒಂದು ಗಿಡದ ಬೇರಿನ ಲೋಳೆ ಬೆರೆಸುತ್ತಾರೆಂದು ಓದಿದ್ದೆ. ಹೇಳಿದ ಕೂಡಲೇ ಒಬ್ಬಾಕೆ, “ಆಲೆಮನೇಲಿ ಕೊಪ್ಪರಿಗೆಗೆ ಬೆಂಡೆ ಗಿಡದ ಲೋಳೆ ಹಾಕಲ್ವಾ ಸಾರ್, ಅದೇ ತಾನೇ?” ಎಂದು ಹಿತ್ತಿಲಿನಿಂದ ನಾಲ್ಕು ಗಿಡ ಕಿತ್ತು ತಂದರು. ಜಜ್ಜಿ ನೆನೆಸಿದ ಲೋಳೆ ಬೆರೆಸಿದ ಮೇಲೆ ನಾರು ನೀರಿನಲ್ಲಿ ಮೋಡದಂತೆ ತೇಲಿ ನಿಂತಿತು. ಜರಡಿ ಕಟ್ಟಿದ ಚೌಕಟ್ಟನ್ನು ಮುಳುಗಿಸಿ ಸಮನಾಗಿ ಎತ್ತಿ, ಹಳೆಯ ಪಂಚೆಯ ಮೇಲೆ ಮಗುಚಿ, ಕಲ್ಲು ಹೇರಿ ನೀರು ಬಸಿದು ಬಿಸಿಲಿಗೆ ಹಾಕಿದೆವು.

ಇದನ್ನು ಕೇಳಿ ನಾಳೆಯೇ ಕಾಗದದ ಯಂತ್ರಕ್ಕೆ ಸಾಲದ ಅರ್ಜಿ ಹಾಕಬೇಡಿ. ಯಂತ್ರ ಮೊದಲು ಬಂದು, ಕೆಲಸ ಕಲಿತವರು ಬಾರದೆ, ಚಕ್ರಕ್ಕೆ ತುಕ್ಕು ಹಿಡಿದ ಶೆಡ್ಡನ್ನು ನಾನು ನೋಡಿದ್ದೇನೆ. ಕಂತು ಮಾತ್ರ ತಪ್ಪದೆ ಬರುತ್ತಿತ್ತು. ಇನ್ನೊಂದು, ಕಾಗದ ಬಹಳ ನೀರು ಕುಡಿಯುವ ಕಸುಬು. ಕೊಳವೆ ಬಾವಿ ಎಷ್ಟು ಆಳಕ್ಕೆ ಹೋಗಿದೆ ಎಂಬುದು ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ರೈತರಿಗೆ ನಾನು ಹೇಳಬೇಕೇ? ಕೊಳ್ಳುವವರು ಯಾರೆಂದು ಗೊತ್ತಾದ ಮೇಲೆ, ತೊಳೆದ ನೀರಿಗೆ ದಾರಿ ಮಾಡಿದ ಮೇಲೆ ಕಾಗದ. ಹಗ್ಗಕ್ಕೆ ಇದಾವುದೂ ಬೇಡ. ಅದನ್ನು ಈ ಬೇಸಗೆಯಲ್ಲೇ ಶುರು ಮಾಡಬಹುದು. ಆಸಕ್ತಿ ಇದ್ದವರು ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಹೋಗುವಾಗ ಊರಿನಲ್ಲಿ ಕಸುಬು ಬಲ್ಲ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ.

ಆ ಕಾಗದ ಏನಾಯಿತು ಅಂತೀರಾ? ಮರುದಿನ ಒಣಗಿತು. ಕೊಂಚ ದಪ್ಪ, ಬೂದು ಬಣ್ಣ, ಅಂಚು ಅಂಕುಡೊಂಕು. ಹಾಲಿನ ಲೆಕ್ಕ ಬರೆಯೋಣವೆಂದು ಒಬ್ಬ ಹುಡುಗಿ ಪೆನ್ನು ಊರಿದಳು. ಶಾಯಿ ಹರಡಿ ಎರಡು ಲೀಟರು ಎಂಬುದು ಕರಿಯ ಮಚ್ಚೆಯಾಯಿತು. ಬರೆಯುವ ಕಾಗದಕ್ಕೆ ಅಂಟು ಹಾಯಿಸಬೇಕು ಎಂಬುದನ್ನು ನಾನು ಮರೆತಿದ್ದೆ. ಏನು ಹಾಯಿಸುವುದು ಎಂದು ನೋಡುತ್ತಿರುವಾಗ, ಆ ಹುಡುಗಿಯ ಅಜ್ಜಿ ಒಳಗೆ ಹೋಗಿ ಒಂದು ಹಿಡಿ ಹುರಿದ ಹುಣಿಸೆ ಬೀಜ ತಂದು ಒರಳಿಗೆ ಹಾಕಿದರು. ಕಂಬಳಿ ನೇಯುವವರು ನೂಲಿಗೆ ಇದನ್ನೇ ಹಚ್ಚುತ್ತಿದ್ದರಂತೆ. ತೆಳ್ಳಗೆ ಗಂಜಿ ಕಾಯಿಸಿ ಎರಡು ಬದಿಗೂ ಸವರಿ ಒಣಗಿಸಿದೆವು. ಈ ಸಲ ಹುಡುಗಿ ಬರೆದ ‘ಎರಡು ಲೀಟರು’ ಹರಡದೆ ನಿಂತಿತು.